ಗ್ರಂಥಭಂಡಾರದ ಬೀಗದಕೈ

ಹಳ್ಳಿಯ ಶಾಲೆಗಳಲ್ಲಿ, ಮುಖ್ಯೋಪಾಧ್ಯಾಯರ ಕೊಠಡಿಯೊಳಗೆ ಗೋಡೆಗೆ ಆನಿಸಿ ನಿಲ್ಲಿಸಿದ ಕಬ್ಬಿಣದ ಕಪಾಟೊಂದು ಇರುವುದು ಸಾಮಾನ್ಯ. ಅದರೊಳಗೆ ಪುಸ್ತಕಗಳಿರುತ್ತವೆ. ಸರಕಾರದ ಅನುದಾನದಿಂದ ಬಂದವು ಕೆಲವು, ಊರಿನ ದಾನಿಗಳು ಕೊಟ್ಟವು ಕೆಲವು, ಮಠದಿಂದ ಆಶೀರ್ವಾದಪೂರ್ವಕವಾಗಿ ಬಂದ ಶರಣಚರಿತ್ರೆಗಳು ಕೆಲವು. ದಾಸ್ತಾನು ವಹಿಯಲ್ಲಿ ಅವುಗಳ ಸಂಖ್ಯೆ ತಪ್ಪದೆ ನಮೂದಾಗಿರುತ್ತದೆ. ಎಣಿಸಿ ನೋಡಿದರೆ ಒಂದೂ ಕಡಿಮೆಯಿರುವುದಿಲ್ಲ. ಹಾಳೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮನುಷ್ಯನ ಕೈ ತಾಗದ ಎಷ್ಟೋ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ್ದು ಹುಳು ಒಂದೇ. ಕಪಾಟಿಗೆ ಬೀಗ; ಬೀಗದಕೈ ಮೇಜಿನ ಖಾನೆಯಲ್ಲಿ; ಆ ಖಾನೆಗೆ ಮತ್ತೊಂದು ಬೀಗ.

ಅದೇ ಊರಿನಲ್ಲಿ, ಶಾಲೆಯಿಂದ ಕೂಗಳತೆಯ ದೂರದಲ್ಲಿ, ಏಳನೆಯ ಇಯತ್ತೆಗೆ ಓದು ಬಿಟ್ಟು ಹೊಲಕ್ಕಿಳಿದ ತರುಣನಿರುತ್ತಾನೆ. ಮದುವೆಯಾಗಿ ಬಂದಂದಿನಿಂದ ಅಚ್ಚಿನ ಅಕ್ಷರವನ್ನು ಲಗ್ನಪತ್ರಿಕೆಯಲ್ಲಿ ಹೊರತು ಬೇರೆಲ್ಲಿಯೂ ಕಾಣದ ಸೊಸೆಯಿರುತ್ತಾಳೆ. ಪುರಾಣ ಕೇಳುವ ಹಂಬಲವಿದ್ದೂ ಓದಿ ಹೇಳುವವರಿಲ್ಲದೆ ಕಟ್ಟೆಯ ಮೇಲೆ ಹೊತ್ತು ಕಳೆಯುವ ಹಿರಿಯರಿರುತ್ತಾರೆ. ಪುಸ್ತಕವೂ ಊರಿನಲ್ಲಿದೆ, ಹಸಿವೂ ಊರಿನಲ್ಲಿದೆ. ಅನ್ನದ ವಿಷಯದಲ್ಲಿ ಇಂಥ ಸ್ಥಿತಿಯನ್ನು ಯಾವ ಸದ್ಭಕ್ತನೂ ಒಂದು ದಿನ ಸಹಿಸಲಾರನು. ಅರಿವಿನ ವಿಷಯದಲ್ಲಿ ತಲೆಮಾರುಗಳೇ ಸಹಿಸಿಕೊಂಡು ಬಂದಿವೆಯಲ್ಲ, ಇದು ಹೇಗೆ?

ಶಾಲೆಗೂ ಊರಿಗೂ ಒಂದೇ ಗ್ರಂಥಾಲಯ ಸಾಲದೇ ಎಂಬ ವಿಚಾರವು ಹೊಸದೇನೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಪ್ರತಿಯೊಂದು ಶಾಲೆಯಲ್ಲಿಯೂ ಗ್ರಂಥಾಲಯವಿರಬೇಕು, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಕಥೆಯ ಪುಸ್ತಕಗಳಿರಬೇಕು ಎಂದು ವಿಧಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಇನ್ನೊಂದು ಹೆಜ್ಜೆ ಮುಂದಿಟ್ಟು, ವಿಶೇಷವಾಗಿ ಹಳ್ಳಿಗಳಲ್ಲಿ, ಶಾಲೆಯ ಗ್ರಂಥಾಲಯವು ಪಾಠದ ವೇಳೆಯ ಹೊರಗೆ ಊರಿನವರಿಗೂ ಉಪಯೋಗವಾಗಬೇಕೆಂದು ಹೇಳಿತು. ಕರ್ನಾಟಕದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳುಂಟೆಂಬುದು ನಿಜ. 2020ರ ಮಹಾಮಾರಿಯ ಕಾಲದಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಇವು ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡವು. ಊರಿನ ಗ್ರಂಥಾಲಯವೇ ಶಾಲೆಯ ಕೊರತೆಯನ್ನು ತುಂಬಿತು. ಆದರೆ ಒಂದು ಪಂಚಾಯತಿಯ ಕೆಳಗೆ ಹಲವು ಹಳ್ಳಿಗಳಿರುತ್ತವೆ, ಗ್ರಂಥಾಲಯವಿರುವುದು ಸಾಮಾನ್ಯವಾಗಿ ದೊಡ್ಡ ಹಳ್ಳಿಯಲ್ಲಿ. ಉಳಿದ ಹಳ್ಳಿಗಳ ಪಾಲಿಗೆ ಶಾಲೆಯ ಕಪಾಟೇ ಗತಿ.

ಹಾಗಿದ್ದ ಮೇಲೆ ಕಪಾಟು ತೆರೆಯುವುದಿಲ್ಲವೇಕೆ? ಉಪಾಧ್ಯಾಯರ ಆಲಸ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಅನ್ಯಾಯವೂ ಹೌದು. ಅವರ ಸ್ಥಿತಿಯನ್ನು ವಿಚಾರಿಸಬೇಕು. ಪುಸ್ತಕವು ದಾಸ್ತಾನು ವಹಿಯಲ್ಲಿ ಅವರ ಸಹಿಯ ಕೆಳಗಿದೆ. ವರ್ಗವಾದಾಗ ಒಂದೊಂದಾಗಿ ಎಣಿಸಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಉತ್ತರ ಹೇಳಬೇಕಾದವರು ಅವರೇ, ಬೆಲೆ ತೆರಬೇಕಾದೀತೆಂಬ ಅಂಜಿಕೆಯೂ ಅವರದೇ. ನೂರು ಮಂದಿ ಓದಿ ಸಂತೋಷಪಟ್ಟರೆ ಅದನ್ನು ಬರೆಯಲು ಯಾವ ವಹಿಯಲ್ಲಿಯೂ ಅಂಕಣವಿಲ್ಲ. ಒಂದು ಪುಸ್ತಕ ಹೋದರೆ ಬರೆಯಲು ಅಂಕಣವುಂಟು. ಲಾಭವೆಲ್ಲ ಊರಿನದು, ನಷ್ಟವೆಲ್ಲ ಒಬ್ಬನದು ಎಂಬ ಏರ್ಪಾಡಿನಲ್ಲಿ ಬೀಗ ಹಾಕದವನು ಸಾಹಸಿಯೇ ಸರಿ. ಅಂಥ ಸಾಹಸಿಗಳು ಅಲ್ಲಲ್ಲಿ ಇದ್ದಾರೆ; ಅವರಿಂದಲೇ ಕೆಲವು ಊರುಗಳಲ್ಲಿ ಓದು ಉಳಿದಿದೆ. ಆದರೆ ಒಬ್ಬನ ಸಾಹಸವನ್ನು ನೆಚ್ಚಿ ಊರು ತನ್ನ ಕರ್ತವ್ಯವನ್ನು ಮರೆಯಬಹುದೇ ಎಂಬುದೇ ಇಲ್ಲಿಯ ಪ್ರಶ್ನೆ.

ಶರಣಮಾರ್ಗದಲ್ಲಿ ಭಂಡಾರವೆಂಬ ಮಾತಿಗೆ ವಿಶೇಷವಾದ ಸ್ಥಾನವಿದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂದು ದೂರು ಹೋದಾಗ ಅರಸನು ಲೆಕ್ಕ ಕೇಳಿದನೆಂದೂ, ಎಣಿಸಿ ನೋಡಿದರೆ ಏನೂ ಕುಂದಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಕೇಳಿ ಕೈಮುಗಿಯುವವರು ಬಹಳ. ಅದರೊಳಗಿನ ನೀತಿ ಎರಡು ಮುಖದ್ದು: ಕೊಡುವ ಕೈ ತಡೆಯಲಿಲ್ಲ, ಲೆಕ್ಕದ ಕೈಯೂ ತಪ್ಪಲಿಲ್ಲ. ದಾಸೋಹವೆಂದರೆ ಲೆಕ್ಕವಿಲ್ಲದ ಚೆಲ್ಲಾಟವೆಂದು ತಿಳಿದವರಿಗೂ, ಲೆಕ್ಕವೇ ಧರ್ಮವೆಂದು ಕೊಡುವುದನ್ನು ನಿಲ್ಲಿಸಿದವರಿಗೂ ಈ ಕಥೆ ಸಮಾನವಾಗಿ ಮುಟ್ಟುತ್ತದೆ.

ಕಲ್ಯಾಣದಲ್ಲಿ ಪುಸ್ತಕಗಳಿಗೇ ಒಬ್ಬ ಭಂಡಾರಿಯಿದ್ದನು. ಶಾಂತರಸನೆಂಬ ಶರಣನನ್ನು ಪರಂಪರೆಯು ವಚನಭಂಡಾರಿಯೆಂದು ಕರೆಯುತ್ತದೆ. ಶರಣರ ವಚನಗಳ ಕಟ್ಟುಗಳನ್ನು ಕಾಯುವುದು ಅವನ ಕಾಯಕ. ದೋಣಿ ನಡೆಸುವುದು, ಬಟ್ಟೆ ಮಡಿಮಾಡುವುದು, ಹಗ್ಗ ಹೊಸೆಯುವುದು ಹೇಗೆ ಕಾಯಕವಾಯಿತೋ ಹಾಗೆಯೇ ಪುಸ್ತಕ ಕಾಯುವುದೂ ಕಾಯಕವಾಯಿತೆಂಬುದು ಗಮನಿಸತಕ್ಕ ಮಾತು. ಇಂದು ಅನೇಕ ಕಡೆ ಗ್ರಂಥಾಲಯದ ಕೆಲಸವೆಂದರೆ ಬೇರೆ ಕೆಲಸಕ್ಕೆ ಒಗ್ಗದವರಿಗೆ ಹಚ್ಚಿದ ಕೆಲಸವೆಂಬ ತಾತ್ಸಾರವುಂಟು. ಕಲ್ಯಾಣದಲ್ಲಿ ಆ ತಾತ್ಸಾರವಿರಲಿಲ್ಲ. ಕಲ್ಯಾಣದಲ್ಲಿ ಉತ್ಪಾತವಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಡೆಗೆ ನಡೆದರೆಂದೂ ಪರಂಪರೆ ಹೇಳುತ್ತದೆ. ಪುಸ್ತಕಕ್ಕಾಗಿ ಪ್ರಾಣವನ್ನು ಪಣವಾಗಿಟ್ಟ ಸಮಾಜವಿದು.

ಅದೇ ಸಮಾಜದಲ್ಲಿ ಮುಂದೆ ಏನಾಯಿತೆಂಬುದನ್ನೂ ಮುಚ್ಚಿಡಬಾರದು. ಪ್ರಾಣಕೊಟ್ಟು ಉಳಿಸಿದ ತಾಡವೋಲೆಯ ಕಟ್ಟುಗಳು ಮಠಗಳಲ್ಲಿ, ಗೃಹಸ್ಥರ ಜಗುಲಿಗಳ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತವು. ಅವುಗಳಿಗೆ ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ಕಟ್ಟು ಬಿಚ್ಚಿ ಓದುವವರು ವಿರಳವಾದರು. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಅರಸಿ ತಂದು, ನಕಲು ಮಾಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು; 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಸ್ವಂತದ್ದನ್ನೆಲ್ಲ ಅದಕ್ಕೆ ಸುರಿದರು. ಜಗುಲಿಯ ಮೇಲಿನ ಕಟ್ಟು ಜನರ ಕೈಗೆ ಬರಲು ಒಬ್ಬ ಮನುಷ್ಯನ ಇಡೀ ಆಯುಷ್ಯ ಹಿಡಿಯಿತು. ಪೂಜೆಯೂ ಒಂದು ಬಗೆಯ ಬೀಗವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ವೀರಶೈವರಿಗೆ ಬೇಕಾಗಿಲ್ಲ. ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿಯಿರೆಂದು ಬೋಧಿಸಿದವರ ಮಾತುಗಳೇ ಸ್ಥಾವರವಾಗಿ ಕುಳಿತಿದ್ದವು!

ಇದು ಈ ನಾಡಿನ ದೋಷವೊಂದೇ ಅಲ್ಲ. ಮಧ್ಯಯುಗದ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿಯಿಂದ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ದೇವಾಲಯದಲ್ಲಿ ಅಂಥ ಗ್ರಂಥಾಲಯವೊಂದು ಇಂದಿಗೂ ಉಳಿದಿದೆ. ಭಾರತದ ಗ್ರಂಥಾಲಯಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಬಳಕೆಗೆ ಎಂಬ ಅಭಿಪ್ರಾಯದ್ದು. ಇಷ್ಟು ಸರಳವಾದ ಮಾತನ್ನು ಸೂತ್ರವೆಂದು ಸಾರಬೇಕಾಗಿ ಬಂದುದೇ, ಪ್ರಪಂಚವು ಅದನ್ನು ಎಷ್ಟು ಮರೆತಿತ್ತೆಂಬುದಕ್ಕೆ ಸಾಕ್ಷಿ.

ಇನ್ನು ನಷ್ಟದ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಎಲ್ಲ ಬೀಗಗಳ ಮೂಲವೂ ಇಲ್ಲಿಯೇ ಇದೆ. ಬಳಸಿದ ಪುಸ್ತಕ ಸವೆಯುತ್ತದೆ. ಕೆಲವು ಹರಿಯುತ್ತವೆ, ಕೆಲವು ಮಳೆಯಲ್ಲಿ ನೆನೆಯುತ್ತವೆ, ಕೆಲವು ಬೀಗರ ಊರಿಗೆ ಹೋಗಿ ಅಲ್ಲಿಯೇ ಉಳಿಯುತ್ತವೆ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದರ ವಿಷಯವಾಗಿ ಒಂದು ವಿವೇಕದ ನಿಯಮವುಂಟು. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕಗಳ ನಷ್ಟವನ್ನು, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಅದಕ್ಕೆ ಕಾರಣವಲ್ಲದಿದ್ದರೆ, ಸಹಜವೆಂದು ಎಣಿಸಬಹುದು. ಆದರೆ 1,000 ರೂಪಾಯಿಗಿಂತ ಹೆಚ್ಚಿನ ಬೆಲೆಯ ಪುಸ್ತಕವಾಗಲಿ ದುರ್ಲಭ ಗ್ರಂಥವಾಗಲಿ ಕಳೆದರೆ ವಿಚಾರಣೆ ನಡೆಯಲೇಬೇಕು. ಈ ನಿಯಮವು ಕೇಂದ್ರದ ಕಚೇರಿಗಳಿಗಾಗಿ ಮಾಡಿದ್ದು, ಹಳ್ಳಿಯ ಶಾಲೆಗೆ ನೇರವಾಗಿ ಅನ್ವಯಿಸುವಂಥದಲ್ಲ. ಆದರೂ ಅದರ ಹಿಂದಿನ ವಿಚಾರ ಎಷ್ಟು ಸೂಕ್ಷ್ಮವಾಗಿದೆ ನೋಡಬೇಕು. ನಷ್ಟವನ್ನು ಅಳೆಯುವುದು ಕಪಾಟಿನಲ್ಲಿರುವ ಪುಸ್ತಕಗಳ ಲೆಕ್ಕದಿಂದಲ್ಲ, ಹೊರಗೆ ಹೋದ ಪುಸ್ತಕಗಳ ಲೆಕ್ಕದಿಂದ. ಹೆಚ್ಚು ಕೊಟ್ಟವನಿಗೆ ಹೆಚ್ಚು ಕ್ಷಮೆ. ಏನೂ ಕೊಡದವನಿಗೆ ಒಂದು ಪುಸ್ತಕದ ನಷ್ಟಕ್ಕೂ ಕ್ಷಮೆಯಿಲ್ಲ.

ದಾಸೋಹದ ಮನೆಯನ್ನು ನಡೆಸಿದವರಿಗೆ ಇದು ತಿಳಿದ ಮಾತೇ. ಸಾವಿರ ಎಲೆ ಹಾಕಿದ ಪಂಕ್ತಿಯಲ್ಲಿ ನಾಲ್ಕು ಎಲೆಯ ಅನ್ನ ಚೆಲ್ಲುತ್ತದೆ. ಚೆಲ್ಲುತ್ತದೆಂದು ಒಲೆ ಆರಿಸಿದ ಮಠವುಂಟೇ? ಬಡಿಸಿದವನ ಮೇಲೆ ಚೆಲ್ಲಿದ ಅನ್ನದ ಬೆಲೆ ಹೊರಿಸಿದ ಮಠವುಂಟೇ? ಅಕ್ಕಿ ಕೂಡಿಸುವಾಗಲೇ ಅದಕ್ಕೂ ಸೇರಿಸಿ ಕೂಡಿಸುತ್ತಾರೆ. ಊರಿನ ಗ್ರಂಥಭಂಡಾರಕ್ಕೂ ಇದೇ ನ್ಯಾಯ. ಒಂದು ಹಳ್ಳಿಯಲ್ಲಿ ವರ್ಷಕ್ಕೆ 2,000 ಸಲ ಪುಸ್ತಕ ಹೊರಗೆ ಹೋಯಿತೆನ್ನೋಣ. ಮೇಲಿನ ಪ್ರಮಾಣದಂತೆ ಹೋಗಬಹುದಾದದ್ದು 10 ಪುಸ್ತಕ. ಒಂದಕ್ಕೆ 150 ರೂಪಾಯಿ ಹಿಡಿದರೂ 1,500 ರೂಪಾಯಿ. ಜಾತ್ರೆಯ ರಾತ್ರಿ ಆಕಾಶಕ್ಕೆ ಹಾರಿಸಿ ಸುಡುವ ಮದ್ದಿನ ಲೆಕ್ಕ ಬಲ್ಲವರು ಈ ಮೊತ್ತವನ್ನು ಕೇಳಿ ನಗಬಹುದು. ಈ 1,500 ರೂಪಾಯಿಯನ್ನು ಊರು ವರ್ಷದ ಮೊದಲೇ ಕೂಡಿಸಿ ಉಪಾಧ್ಯಾಯರ ಮುಂದಿಟ್ಟು, ಸಹಜವಾಗಿ ಹೋದದ್ದು ಊರಿನ ಹೊಣೆ ಎಂದು ಪಂಚರ ಸಮಕ್ಷಮ ಬರೆದುಕೊಟ್ಟರೆ, ಬೀಗದಕೈಯನ್ನು ಬಿಗಿಹಿಡಿದ ಅಂಜಿಕೆಯ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಕಪಾಟನ್ನು ದಾನಮಾಡಿ ಅದರ ಮೇಲೆ ತಂದೆಯವರ ಹೆಸರು ಬರೆಯಿಸಲು ಮುಂದೆ ಬರುವವರು ಬಹಳ. ಕಳೆದ ಪುಸ್ತಕದ ಬೆಲೆ ಕೊಡಲು ಬರುವವರು ಕಡಿಮೆ. ಮೊದಲನೆಯದರಲ್ಲಿ ಹೆಸರುಳಿಯುತ್ತದೆ, ಎರಡನೆಯದರಲ್ಲಿ ಏನೂ ಉಳಿಯುವುದಿಲ್ಲ. ಕೊಟ್ಟೆನೆಂಬ ಭಾವವಳಿದು ಕೊಡುವುದು ದಾಸೋಹವೆಂದಾದರೆ ಇವೆರಡರಲ್ಲಿ ಯಾವುದು ದಾಸೋಹಕ್ಕೆ ಹತ್ತಿರವೆಂಬುದನ್ನು ಸದ್ಭಕ್ತರೇ ನಿರ್ಣಯಿಸಬಲ್ಲರು.

ನಷ್ಟವನ್ನು ಊರೇ ಹೊರುವುದಾದರೆ ಓದುಗರು ಅಲಕ್ಷ್ಯ ಮಾಡರೇ ಎಂಬ ಶಂಕೆ ಬರುತ್ತದೆ. ಬರಬೇಕಾದ ಶಂಕೆಯೇ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ತೆಗೆದುಕೊಳ್ಳದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳೆಂಬುದನ್ನು ಮನೆಮನೆಯಲ್ಲಿಯೂ ಬಲ್ಲರು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದು, ಅಷ್ಟೇ. ಓದಿ ಮುಗಿಸಿಯೂ ಗೂಟದ ಚೀಲದಲ್ಲಿ ತಿಂಗಳುಗಟ್ಟಲೆ ತೂಗುಹಾಕಿದ ಪುಸ್ತಕವು ಅದೇ ಜಾತಿಯದು. ಇಟ್ಟುಕೊಂಡವನು ಕಳ್ಳನಲ್ಲ. ಆದರೆ ಅದೇ ಪುಸ್ತಕಕ್ಕಾಗಿ ಇನ್ನೊಂದು ಕೇರಿಯ ಹುಡುಗಿ ಮೂರು ಸಲ ಕಪಾಟಿನವರೆಗೆ ಬಂದು ಹೋಗಿದ್ದಾಳೆಂಬುದು ಅವನಿಗೆ ಗೊತ್ತಿಲ್ಲ. ದಂಡದ ಕಾಸಿನಿಂದ ಇದು ತಿದ್ದುವುದು ಅಷ್ಟಕ್ಕಷ್ಟೆ. ಉಳ್ಳವನು ದಂಡ ತೆತ್ತು ನಿಶ್ಚಿಂತನಾಗುತ್ತಾನೆ, ಇಲ್ಲದವನು ದಂಡಕ್ಕಂಜಿ ಪುಸ್ತಕದ ಹತ್ತಿರವೇ ಸುಳಿಯುವುದಿಲ್ಲ. ಠೇವಣಿಯ ಪದ್ಧತಿಗೂ ಇದೇ ದೋಷ. ಮನೆಯ ಯಜಮಾನಿಯು ಲಕ್ಕಮ್ಮನ ಕಣ್ಣಿನಿಂದ ಒಮ್ಮೆ ಗೂಟದ ಚೀಲವನ್ನು ನೋಡಿದರೆ ಯಾವ ದಂಡವೂ ಮಾಡದ ಕೆಲಸವಾಗುತ್ತದೆ.

ಶಾಲೆ ಮತ್ತು ಊರು ಒಂದೇ ಕೋಣೆಯನ್ನು ಬಳಸತೊಡಗಿದಾಗ ತೊಡಕುಗಳಿಲ್ಲವೆಂದಲ್ಲ. ಹಿರಿಯರು ಪತ್ರಿಕೆ ಹಿಡಿದು ಕುಳಿತರೆ ರಾಜಕೀಯದ ಮಾತು ಏಳುತ್ತದೆ, ಬೀಡಿಯ ಹೊಗೆಯೂ ಏಳಬಹುದು. ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಮಕ್ಕಳ ಗದ್ದಲವಿದ್ದರೆ ಹಿರಿಯರು ಬೇಸರಪಡುತ್ತಾರೆ. ಮಕ್ಕಳ ಬಾಕಿನ ಮೇಲೆ ಕುಳಿತು ಅಕ್ಷರ ಕೂಡಿಸಿ ಓದಲು ಪ್ರಾಯದವರಿಗೆ ನಾಚಿಕೆ. ದಕ್ಷಿಣ ಆಸ್ಟ್ರೇಲಿಯದ ಚಿಕ್ಕ ಊರುಗಳಲ್ಲಿ 1970ರ ದಶಕದಿಂದ ಶಾಲೆಯ ಗ್ರಂಥಾಲಯವೇ ಊರಿನ ಗ್ರಂಥಾಲಯವೂ ಆಗಿ ನಡೆದುಬಂದಿದೆ. ಅಲ್ಲಿ ಶಾಲೆಯವರೂ ಊರಿನವರೂ ಕೂಡಿದ ಮಂಡಲಿಯೊಂದು ಅದನ್ನು ನೋಡಿಕೊಳ್ಳುತ್ತದೆ. ಖರ್ಚಿನ ಪಾಲು, ತೆರೆಯುವ ವೇಳೆ ಇವನ್ನೆಲ್ಲ ಕರಾರಿನಲ್ಲಿ ಬರೆದಿಡುತ್ತಾರೆ. ಪ್ರೀತಿಯಿದ್ದಲ್ಲಿ ಬರಹವೇಕೆ ಎಂದು ಇಲ್ಲಿಯವರು ಕೇಳುವುದುಂಟು. ಪ್ರೀತಿ ಉಳಿಯಬೇಕಾದರೆ ಬರಹ ಬೇಕು; ಅಣ್ಣತಮ್ಮಂದಿರ ಪಾಲುಪತ್ರದ ಅನುಭವವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟು ದೂರ ಹೋಗದೆಯೂ ಒಂದು ಹಳೆಯ ಮೇಲ್ಪಂಕ್ತಿಯಿದೆ. ಬಡೋದೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಪ್ರಾಂತದಲ್ಲಿಯೂ 1906ರಲ್ಲಿ ಸಂಸ್ಥಾನದಾದ್ಯಂತವೂ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದರು. ಶಾಲೆ ಬಿಟ್ಟ ಮಕ್ಕಳಿಗೆ ಓದಲು ಪುಸ್ತಕ ಸಿಗದಿದ್ದರೆ ಕಲಿತ ಅಕ್ಷರವೂ ಅಳಿಸಿಹೋಗುವುದೆಂಬುದು ಅವರಿಗೆ ಮನವರಿಕೆಯಾಯಿತು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಯಿಸಿ ಹಳ್ಳಿಹಳ್ಳಿಗೂ ಗ್ರಂಥಾಲಯದ ಏರ್ಪಾಡು ಮಾಡಿಸಿದರು. ಊರಿನವರು ಕೂಡಿಸಿದಷ್ಟು ಹಣಕ್ಕೆ ಪ್ರಾಂತದ ಪಂಚಾಯತಿಯೂ ಸರಕಾರವೂ ಒಂದೊಂದು ಸಮಪಾಲು ಸೇರಿಸಬೇಕೆಂಬುದು ಅಲ್ಲಿಯ ಕ್ರಮ. ಎಷ್ಟೋ ಹಳ್ಳಿಗಳಲ್ಲಿ ಶಾಲೆಯ ಉಪಾಧ್ಯಾಯರೇ ಗ್ರಂಥಪಾಲಕರು. ಊರಿನ ಪಾಲು ಮೊದಲು ಬೀಳಬೇಕೆಂಬ ನಿಯಮದಲ್ಲಿಯೇ ಅದರ ಸತ್ವವಿತ್ತು. ತನ್ನ ಬೆವರಿನ ಕಾಸು ಸೇರಿದ ಪುಸ್ತಕವನ್ನು ಊರು ಬೇರೆ ಕಣ್ಣಿನಿಂದ ನೋಡುತ್ತದೆ.

ಯಾವ ಪುಸ್ತಕಗಳಿರಬೇಕೆಂಬ ಪ್ರಶ್ನೆ ಭಕ್ತರನ್ನು ವಿಶೇಷವಾಗಿ ಮುಟ್ಟುವಂಥದು. ಮಠಾಭಿಮಾನಿಗಳು ಶಾಲೆಗೆ ಪುಸ್ತಕ ಕೊಡುವಾಗ ವಚನಸಂಪುಟಗಳನ್ನೂ ಶರಣರ ಚರಿತ್ರೆಗಳನ್ನೂ ಕೊಡುತ್ತಾರೆ. ಕೊಡಬೇಕಾದದ್ದೇ. ಆದರೆ ಅವಷ್ಟೇ ಸಾಕೆಂಬ ಹಟ ಸಲ್ಲದು. ಶಾಲೆಗೆ ಬರುವ ಮಕ್ಕಳಲ್ಲಿ ಎಲ್ಲ ಕುಲದವರೂ ಎಲ್ಲ ಮತದವರೂ ಇದ್ದಾರೆ. ಊರಿನಲ್ಲಿ ಒಕ್ಕಲಿಗನಿದ್ದಾನೆ, ಬಡಿಗನಿದ್ದಾನೆ, ಕುರಿ ಕಾಯುವವನಿದ್ದಾನೆ. ಬೆಳೆಗೆ ಬಿದ್ದ ರೋಗದ ವಿಷಯ, ಹೈನದ ವಿಷಯ, ಕಾನೂನಿನ ತಿಳಿವಳಿಕೆ ಅವರ ಕಾಯಕಕ್ಕೆ ಬೇಕು. ಕಾಯಕವನ್ನು ಕೈಲಾಸವೆಂದವರ ಭಂಡಾರದಲ್ಲಿ ಕಾಯಕಕ್ಕೆ ಬೇಕಾದ ಪುಸ್ತಕವಿಲ್ಲದಿದ್ದರೆ ಅದಕ್ಕಿಂತ ವಿಪರ್ಯಾಸವಿಲ್ಲ. ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಕೂಡಿ ಕುಳಿತ ಅನುಭವಮಂಟಪವನ್ನು ನೆನೆಯುವವರು, ಪುಸ್ತಕಗಳನ್ನೂ ಹಾಗೆಯೇ ಪಂಕ್ತಿಭೇದವಿಲ್ಲದೆ ಕುಳ್ಳಿರಿಸಬೇಕಾಗುತ್ತದೆ.

ಹೆಂಗಸರ ವಿಷಯ ಉಳಿಯಿತು. ಮಧ್ಯಾಹ್ನದ ಅಡಿಗೆಯಾದ ಮೇಲೆ ಅವರಿಗೆ ಒಂದೆರಡು ತಾಸು ಬಿಡುವು. ಆಗ ಶಾಲೆ ತುಂಬಿರುತ್ತದೆ. ಸಂಜೆ ಶಾಲೆ ಬಿಟ್ಟಾಗ ಅವರಿಗೆ ಒಲೆ, ದನ, ಮಗ್ಗುಲಲ್ಲಿ ಅಳುವ ಕೂಸು. ಎಷ್ಟು ಹೊತ್ತು ಕೋಣೆ ತೆರೆದಿಟ್ಟರೂ ಅವರು ಬರುವುದು ಕಷ್ಟ. ಇದಕ್ಕೆ ಶಾಲೆಯಲ್ಲಿಯೇ ಉಪಾಯವಿದೆ. ಮಗಳು ಪುಸ್ತಕ ಒಯ್ಯುವಾಗ ತನಗೊಂದು, ತಾಯಿಗೊಂದು ಒಯ್ಯಲೆಂದು ನಿಯಮವಾದರೆ ಸಾಕು. ತಾಯಿಗೆ ಅಕ್ಷರ ಬಾರದಿದ್ದರೆ ಮಗಳೇ ಓದಿ ಹೇಳುವಳು. ಅಜ್ಜಿ ಕೇಳುವಳು, ಕೇಳುತ್ತ ಕೇಳುತ್ತ ಓದಿನಲ್ಲಿ ತಪ್ಪಿದ್ದರೆ ತಿದ್ದುವಳು, ಏಕೆಂದರೆ ಶರಣರ ಕಥೆಗಳು ಅಜ್ಜಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತು. ಅಂಥ ಮನೆಯಲ್ಲಿ ಶಾಲೆ ಎಲ್ಲಿ ಮುಗಿಯಿತು, ಊರು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಕಡೆಯದಾಗಿ ಬೇಸಿಗೆಯ ರಜೆಯ ಮಾತು. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ಮುಗಿದು ಉಪಾಧ್ಯಾಯರು ತಮ್ಮ ಊರಿಗೆ ಹೊರಡುತ್ತಾರೆ, ಬೀಗದಕೈಯೂ ಅವರ ಜೊತೆಗೆ ಹೊರಡುತ್ತದೆ. ಸುಗ್ಗಿ ಮುಗಿದು ರೈತನಿಗೆ ಬಿಡುವಿರುವುದು ಆಗಲೇ; ಮಕ್ಕಳಿಗೆ ದಿನವಿಡೀ ಬಿಡುವಿರುವುದು ಆಗಲೇ; ತವರಿಗೆ ಬಂದ ಹೆಣ್ಣುಮಕ್ಕಳಿಗೆ ತುಸು ಉಸಿರಾಡಲು ಸಿಗುವುದೂ ಆಗಲೇ. ವರ್ಷದಲ್ಲಿ ಊರು ಓದಬಹುದಾದ ಎರಡು ತಿಂಗಳು ಕಪಾಟು ಮುಚ್ಚಿರುತ್ತದೆ. ಹೊರಡುವ ಮುಂಚೆ ಪುಸ್ತಕಗಳ ಪಟ್ಟಿಯ ಒಂದು ಪ್ರತಿಯನ್ನು ಬರೆಯಿಸಿ, ಊರಿನ ಹಿರಿಯರಿಬ್ಬರ, ಮೇಲಿನ ಇಯತ್ತೆಯ ಹುಡುಗ ಹುಡುಗಿಯರಿಬ್ಬರ ಸಹಿ ಪಡೆದು, ಕಪಾಟನ್ನು ಮಠದ ಪಡಸಾಲೆಗೋ ಪಂಚಾಯತಿಯ ಕೋಣೆಗೋ ಸಾಗಿಸಿ ಅವರ ವಶಕ್ಕೆ ಕೊಡಬಹುದು. ಎಲ್ಲ ಕುಲದವರೂ ಸಂಕೋಚವಿಲ್ಲದೆ ಒಳಗೆ ಬರುವಂಥ ಸ್ಥಳವನ್ನು ನೋಡಿ ಇಡಬೇಕು, ಅದೊಂದೇ ಕಟ್ಟಳೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಪಟ್ಟಿ ಹಿಡಿದು ಎಣಿಸಿಕೊಳ್ಳಲಿ. ಒಂದೆರಡು ಕಡಿಮೆ ಬಿದ್ದಾವು. ಅದಕ್ಕೆ ಹಣ ಮೊದಲೇ ಕೂಡಿದೆ.